ಸುಟ್ಟ ಮೋಟರು ಮತ್ತು ಮಗನ ಭಾವ

ಬೀದರಿನಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ, ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿ ಕಟ್ಟೋದು. ಹದಿನಾಲ್ಕನೇ ವಯಸ್ಸಿಗೇ ಈ ಕೆಲಸಕ್ಕೆ ಬಿದ್ದವನು ನಾನು. ಆಗ ಕಲಿಸಿದ ಉಸ್ತಾದ್ ಕೈ ಬಹಳ ಚುರುಕು, ಕೆಲಸಕ್ಕೂ ಹೊಡೆಯೋದಕ್ಕೂ. ಹಾಗಾಗಿ ವೈಂಡಿಂಗ್‌ಗಿಂತ ಮೊದಲು ಕಲಿತದ್ದು ತಪ್ಪು ಮುಚ್ಚಿಡುವುದು. ತಂತಿ ಹಾಳಾಯ್ತಾ, ಗುಜರಿ ಚೀಲದ ತಳಕ್ಕೆ ತುರುಕು. ಕೇಳಿದರೆ "ನಂಗೊತ್ತಿಲ್ರಿ" ಅನ್ನು.

ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ, ದೇವರ ಜೊತೆಗೂ ನನ್ನದು ಇದೇ ಆಟ. ನಮ್ಮದು ಮೆಥೋಡಿಸ್ಟ್ ಮನೆ. ಭಾನುವಾರ ತಪ್ಪಿಸಿದವನಲ್ಲ, ಆದರೆ ಅದು ಹಾಜರಿ ಹಾಕಿದ ಹಾಗೆ. ಒಳ್ಳೆಯವನಾಗಿದ್ದ ವಾರ ಪ್ರಾರ್ಥನೆ ಉದ್ದ, ಸುಳ್ಳು ಹೇಳಿದ ವಾರ ಪ್ರಾರ್ಥನೆಯೇ ಇಲ್ಲ. ದೇವರೂ ಒಬ್ಬ ಉಸ್ತಾದ್, ಅಷ್ಟೇ.

ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲನು ದಾಸನ ಭಾವ, ಮಗನ ಭಾವ ಅಂತ ಎರಡು ಹೇಳ್ತಾನೆ. ಯೇಸು ಮಗನಾಗಿರುವ ರೀತಿ ಬೇರೆ. ನಾವು ದತ್ತು ಬಂದ ಮಕ್ಕಳು, ಆದರೂ ಬಾಧ್ಯಸ್ಥರು, ಅಂದ್ರೆ ಅಪ್ಪನ ಆಸ್ತಿಗೆ ಹಕ್ಕುದಾರರು. ನೂರು ಸಲ ಕೇಳಿದ್ದ ಮಾತು. ತಲೆಗೆ ಹೊಕ್ಕಿದ್ದು ನಮ್ಮ ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಥೆಯಿಂದ. ಅವರು 1728ರಲ್ಲೇ ಪಾದ್ರಿ ಆದವರು, ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ ಬಂದವರು. ಲಂಡನ್ನಿನ ಕೂಟವೊಂದರಲ್ಲಿ, ದೇವರು ತನ್ನ ಪಾಪ ಕ್ಷಮಿಸಿದ ಅನ್ನೋ ಭರವಸೆ ಬಂದು ಅವರ ಎದೆ ಬೆಚ್ಚಗಾದದ್ದು 1738ರ ಮೇ 24ಕ್ಕೆ. ಎಷ್ಟೋ ವರ್ಷ ಆದ ಮೇಲೆ ತಮ್ಮ ದಿನಚರಿಯಲ್ಲಿ ಒಂದು ಟಿಪ್ಪಣಿ ಸೇರಿಸಿದರು: ಅದಕ್ಕೂ ಮೊದಲು ನನ್ನಲ್ಲಿದ್ದದ್ದು ಆಳಿನ ನಂಬಿಕೆ, ಮಗನ ನಂಬಿಕೆ ಅಲ್ಲ ಅಂತ. ಪಾದ್ರಿಯೇ ಆಳಾಗಿದ್ದರೆ ನನ್ನದೇನು ಬಿಡಿ.

ನಾನು ಮಾಡಿದ್ದು ದೊಡ್ಡದೇನಲ್ಲ. ಶಟರ್ ಎತ್ತುವಾಗ "ಅಪ್ಪಾ" ಅನ್ನೋದು, ಅಷ್ಟೇ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಗಿದ ಅರಾಮಿಕ್ ಮಾತು "ಅಬ್ಬಾ", ಅಂದ್ರೆ ಅಪ್ಪಾ. ನಮ್ಮೂರಲ್ಲಿ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಪಕ್ಕದ ಪಂಚರ್ ಅಂಗಡಿಯ ಹುಡುಗಿ ಸ್ಕೂಲಿಂದ ಬಂದವಳೇ "ಅಬ್ಬಾ!" ಅಂತ ಓಡಿಬಂದು ಅವಳಪ್ಪನ ಗ್ರೀಸ್ ಮೆತ್ತಿದ ಅಂಗಿಯ ಜೇಬಿಗೆ ಸೀದಾ ಕೈ ಹಾಕ್ತಾಳೆ. ಪೀಠಿಕೆ ಇಲ್ಲ, ಲೆಕ್ಕ ಇಲ್ಲ.

ಇದು ಕೆಲಸಕ್ಕೆ ಬಂದದ್ದು ಹೋದ ಬೇಸಿಗೆಯಲ್ಲಿ. ಭಾಲ್ಕಿ ಕಡೆಯ ರೈತರೊಬ್ಬರ ಐದು ಎಚ್‌ಪಿ ಮೋಟರ್, ನಾನೇ ಕಟ್ಟಿದ್ದು, ಹದಿನೈದು ದಿನಕ್ಕೆ ಸುಟ್ಟು ವಾಪಸ್ ಬಂತು. "ಕರೆಂಟಿಂದೇ ಕಾಟ ನೋಡ್ರಿ, ಫೇಜ್ ಹೋಗಿರ್ಬೇಕು" ಅಂತ ಅವರೇ ಅಂದರು. ಬಿಚ್ಚಿದೆ. ಫೇಜ್ ಹೋಗಿ, ಅಂದ್ರೆ ಮೂರು ಕರೆಂಟ್ ತಂತಿಯಲ್ಲಿ ಒಂದು ಸತ್ತು, ಮೋಟರ್ ಸುಟ್ಟರೆ ಸುತ್ತಿದ ತಂತಿಯ ಕಾಯಿಲ್‌ಗಳು ಒಂದು ಲೆಕ್ಕದಲ್ಲಿ ಸುಟ್ಟಿರುತ್ತವೆ, ಒಂದು ಗುಂಪು ಕಪ್ಪು, ಒಂದು ಗುಂಪು ಹೊಚ್ಚ ಹೊಸದರ ಹಾಗೆ. ಇಲ್ಲಿ ಕಾಯಿಲ್ ಕೂರೋ ಕಬ್ಬಿಣದ ಸೀಳುಗಳಲ್ಲಿ, ಒಂದೇ ಒಂದು ಸ್ಲಾಟಿನ ಬಾಯಿ ಕರಕಲಾಗಿತ್ತು, ತಾಮ್ರ ಕರಗಿ ಜೋಳದ ಕಾಳಿನಷ್ಟು ಗುಂಡಗಾಗಿತ್ತು. ಆ ಸ್ಲಾಟ್ ನನಗೆ ಗೊತ್ತು. ಕಾಯಿಲ್ ತುರುಕುವಾಗ ತಂತಿ ಕಬ್ಬಿಣಕ್ಕೆ ತಾಗದ ಹಾಗೆ ಹಾಕೋ ಪೇಪರಿನ ಅಂಚು ಅಲ್ಲೇ ಹರಿದಿತ್ತು, ಸೀರೀಸ್ ಲ್ಯಾಂಪ್ ಹಚ್ಚಿ ನೋಡಿದ್ದೆ, ಬಲ್ಬ್ ಹತ್ತಲಿಲ್ಲ, ಅಂದ್ರೆ ಆಗಿನ್ನೂ ತಂತಿ ಕಬ್ಬಿಣಕ್ಕೆ ತಾಗಿರಲಿಲ್ಲ, ಸಂಜೆ ಬೇರೆ ಆಗಿತ್ತು, ಇರ್ಲಿ ಬಿಡು ಅಂತ ವಾರ್ನಿಷ್ ಬಳಿದು ಕಳಿಸಿಬಿಟ್ಟಿದ್ದೆ.

"ಹೂಂರಿ, ಫೇಜೇ" ಅಂದಿದ್ದರೆ ಮುಗೀತಿತ್ತು. ಹಿಂದೆ ಎಷ್ಟು ಸಲ ಅಂದಿಲ್ಲ! ಆದರೆ ಆಳು ತಪ್ಪು ಮಾಡಿದರೆ ಕೆಲಸ ಹೋಗುತ್ತೆ, ಮಗ ತಪ್ಪು ಮಾಡಿದರೆ ಬೈಗುಳ ಬೀಳುತ್ತೆ, ಊಟ ತಪ್ಪಲ್ಲ. ನಾನು ಇಷ್ಟು ವರ್ಷ ಸುಳ್ಳು ಹೇಳಿದ್ದು ದುಡ್ಡಿನ ಆಸೆಗಿಂತ ಜಾಸ್ತಿ ಆ ಹೊರಗೆ ಹಾಕ್ತಾರೆ ಅನ್ನೋ ಹೆದರಿಕೆಗೆ. ಒಳಗೊಳಗೇ "ಅಪ್ಪಾ" ಅಂದುಕೊಂಡು ಹೇಳಿಬಿಟ್ಟೆ. "ಫೇಜ್ ಅಲ್ರಿ ಕಾಕಾ, ನಂದೇ ತಪ್ಪದ."

ಅವರು ಬೈದರು. "ಮೂರು ದಿನ ಆತು ಕಬ್ಬಿಗಿ ನೀರಿಲ್ಲ, ಅದನ್ ಯಾರ್ ಕೊಡ್ತಾರ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೆಲ್ಲ ಕೂತು, ನನ್ನದೇ ತಾಮ್ರ ಹಾಕಿ ಕಟ್ಟಿಕೊಟ್ಟೆ. ಬೆಳಗ್ಗೆ ಚಹಾನೂ ಕುಡಿಯದೆ ಮೋಟರ್ ಹೊತ್ತುಕೊಂಡು ಹೋದರು. ಆಮೇಲೆ ಬಂದಿಲ್ಲ.

ನಿಜ ಹೇಳಬೇಕಂದ್ರೆ, ಸತ್ಯ ಹೇಳಿದ್ದಕ್ಕೆ ಗಿರಾಕಿ ಜಾಸ್ತಿ ಆಗ್ತಾರೆ ಅಂತ ಒಂದು ತಿಂಗಳು ಸುಮ್ನೆ ಕಾದೆ. ಲೂಕನ 15ನೇ ಅಧ್ಯಾಯದ ಹಿರಿಯ ಮಗನ ಥರ. ತಮ್ಮ ಆಸ್ತಿಯೆಲ್ಲ ಹಾಳು ಮಾಡಿ ವಾಪಸ್ ಬಂದಾಗ ಅಪ್ಪ ಔತಣ ಮಾಡಿಸ್ತಾನೆ. ಈ ಹಿರಿಯವನು ಮನೆ ಬಿಟ್ಟು ಹೋದವನೇ ಅಲ್ಲ, ಆದರೂ ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿ ಕೊಡಲಿಲ್ಲ ಅಂತಾನೆ. ಕೂಲಿ ಕೇಳೋ ಚಾಳಿ ಅಷ್ಟು ಬೇಗ ಬಿಡಲ್ಲ.

ಈಗ ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದಾನೆ. ಮೊದಮೊದಲು ಅವನೂ ಚೀಲದ ತಳಕ್ಕೇ ತುರುಕುತ್ತಿದ್ದ, ಕಂಡಾಗ ನನ್ನ ಬಾಯಿಂದ ಉಸ್ತಾದನ ಮಾತುಗಳೇ ಬರ್ತಿದ್ದವು, ಈಗಲೂ ಬರ್ತಾವೆ. ಮೊನ್ನೆ ಅವನೇ ಬಂದು, "ಅಣ್ಣಾ, ಬೇರಿಂಗ್ ನನ್ ಕೈಲೇ ಒಡೀತ್ರಿ" ಅಂದ. ಕೈಗೆ ಸಿಗದಷ್ಟು ದೂರ, ಬಾಗಿಲಾಚೆ ನಿಂತೇ ಅಂದ.