ಚಿನ್ನದ ಗಣಿಯನ್ನು ಹೊರಗಿನಿಂದಲೇ ಓದಿದ್ದು

ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲಿನ ಪಾಳುಬಿದ್ದ ಚಿನ್ನದ ಗಣಿಗಳನ್ನು ನೋಡಲು ಬರುವವರು ಮೊದಲು ಹುಡುಕುವುದು ಗಣಿಯ ಬಾಯಿಯನ್ನು. ನಾನು ಅದರ ಹತ್ತಿರ ಸುಳಿಯುವುದಿಲ್ಲ. ನೂರು ವರ್ಷ ದಾಟಿದ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಗುಂಡಿಯ, ಅಂಚು ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಒಳಗೆ ಆಮ್ಲಜನಕವಿಲ್ಲದ ಗಾಳಿ ನಿಂತಿದ್ದರೆ ಅದು ಮೂಗಿಗೂ ತಿಳಿಯುವುದಿಲ್ಲ. ನನಗೆ ಬೇಕಾದದ್ದು ಹೊರಗೇ ಇರುತ್ತದೆ. ಚಿನ್ನವಿಲ್ಲವೆಂದು ಮೇಲೆ ತಂದು ಸುರಿದ ಕಲ್ಲಿನ ದಿಬ್ಬಕ್ಕಿಂತ ಪ್ರಾಮಾಣಿಕ ದಾಖಲೆ ಬೇರೆ ಇಲ್ಲ.

ಕಾಗದದ ಕೆಲಸ ಮೊದಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಚಿನ್ನದ ಬಗ್ಗೆ 1874ರಲ್ಲೇ ಬರೆದಿದ್ದರು. ಆಗ ಸೊರಟೂರು ಸೀಮೆಯ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಬೆಣಚುಕಲ್ಲಿಗಿಂತ ಏಳು ಪಟ್ಟು ಭಾರವಾದ ಚಿನ್ನ ತಳದಲ್ಲಿ ಉಳಿಯುತ್ತದೆ, ಅಷ್ಟೇ ಅವರ ಯಂತ್ರ. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಕಬಲಾಯತಕಟ್ಟಿ ಮುಂತಾದೆಡೆ ಶಾಫ್ಟ್ ಇಳಿಸಿದವು. ಮೊದಲ ಮಹಾಯುದ್ಧದ ಹೊತ್ತಿಗೆ ಎಲ್ಲ ನಿಂತಿತ್ತು. ಹಳೆಯ ವರದಿಗಳಲ್ಲಿರುವ ಹಳ್ಳ, ಊರುಗಳ ಹೆಸರನ್ನು ಇಂದಿನ ನಕ್ಷೆಯ ಮೇಲೆ ಗುರುತಿಸಿಕೊಂಡು, ಉಪಗ್ರಹ ಚಿತ್ರದಲ್ಲಿ ಹುಲ್ಲು ಬೆಳೆಯದ ಬೋಳು ತೇಪೆಗಳನ್ನು ಹುಡುಕಿದೆ. 2019ರಿಂದ ಕಪ್ಪತಗುಡ್ಡ ವನ್ಯಜೀವಿಧಾಮ. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ಹೆಜ್ಜೆ ಇಟ್ಟದ್ದು. ಕಲ್ಲನ್ನು ಅಲ್ಲೇ ನೋಡಿ ಅಲ್ಲೇ ಬಿಟ್ಟು ಬರುತ್ತೇನೆ.

ದಿಬ್ಬಕ್ಕೆ ಒಂದು ಕ್ರಮವಿದೆ. ಮೊದಲು ಅಗೆದದ್ದು ಶಾಫ್ಟಿನ ಹತ್ತಿರ, ಅಡಿಯಲ್ಲಿ. ಕೊನೆಗೆ ಅಗೆದದ್ದು ದೂರದ ಇಳಿಜಾರಿನ ಹೊರಮೈಯಲ್ಲಿ. ಅಂದರೆ ನೆಲದಲ್ಲಿ ಆಳಕ್ಕಿದ್ದ ಕಲ್ಲು ಇಲ್ಲಿ ಹೊರಗಡೆ ಇರುತ್ತದೆ. ಒಳಬದಿಯ ತುಂಡೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ತುಕ್ಕುಬಣ್ಣದ ಬೆಣಚುಕಲ್ಲಿನಲ್ಲಿ ಚೌಕಾಕಾರದ ಪುಟ್ಟ ಗೂಡುಗಳು ಕಂಡವು. ಕಬ್ಬಿಣ, ಗಂಧಕ ಸೇರಿದ ಪೈರೈಟ್ ಎಂಬ ಖನಿಜದ ಹರಳುಗಳು ಮಳೆನೀರಿಗೆ ಕೊಳೆತು ಹೋದ ಜಾಗ ಅದು. ಅದರೊಳಗೆ ಸಿಕ್ಕಿಕೊಂಡಿದ್ದ ಚಿನ್ನ ಹಾಗೆ ಬಿಡುಗಡೆಯಾಗಿತ್ತು. ಪುಡಿಮಾಡಿ ಪಾದರಸಕ್ಕೆ ತಾಗಿಸಿದರೆ ಸಾಕು, ಹಿಡಿದುಕೊಳ್ಳುತ್ತಿತ್ತು.

ಹೊರ ಅಂಚಿನ ಕಲ್ಲು ಬೇರೆಯೇ ಬಣ್ಣದ್ದು. ಬೂದು, ಗಟ್ಟಿ, ಗೂಡುಗಳಿಲ್ಲದ್ದು. ಅದರಲ್ಲಿ ಹೊಳೆಯುವ ಕಣಕ್ಕೆ ಸೂಜಿಯ ತುದಿ ಒತ್ತಿದೆ. ಚಿನ್ನವಾಗಿದ್ದರೆ ತಗ್ಗು ಬೀಳಬೇಕು, ಇದು ಸಿಡಿದು ಪುಡಿಯಾಯಿತು. ಹಿತ್ತಾಳೆ ಬಣ್ಣದ ಪೈರೈಟ್ ಜೊತೆ ಬೆಳ್ಳಿಬಿಳುಪಿನ, ಆರ್ಸೆನಿಕ್ ಬೆರೆತ ಆರ್ಸೆನೋಪೈರೈಟ್ ಇತ್ತು. ಸುತ್ತಿಗೆಯ ಒಂದು ಪೆಟ್ಟಿಗೆ ಆರ್ಸೆನಿಕ್ಕಿನ ಗುರುತಾದ ಬೆಳ್ಳುಳ್ಳಿಯ ವಾಸನೆ ಎದ್ದಾಗ ಅನುಮಾನ ಉಳಿಯಲಿಲ್ಲ. ಪಕ್ಕದ ಕಂದು ಖನಿಜದ ಮೇಲೆ ದುರ್ಬಲ ಆಮ್ಲದ ಹನಿ ಹಾಕಿದರೆ ಸುಮ್ಮನಿತ್ತು, ಗೀರಿ ಪುಡಿ ಮಾಡಿದ ಮೇಲೆ ನೊರೆ ಬಂತು. ಕಬ್ಬಿಣ ಬೆರೆತ ಕಾರ್ಬೊನೇಟ್, ಆಂಕರೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಂಗಾಲದ ಡೈಆಕ್ಸೈಡ್ ಕರಗಿದ್ದ ಬಿಸಿನೀರು ಧಾರವಾಡ ಶಿಲೆಗಳ ಬಿರುಕುಗಳಲ್ಲಿ ಚಿನ್ನ ಹೊತ್ತು ಹರಿದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಣಿ ಏಕೆ ಮುಚ್ಚಿತೆಂಬುದಕ್ಕೆ ನನ್ನ ಉತ್ತರ ಈ ಎರಡು ಕಲ್ಲುಗಳ ನಡುವೆ ಇದೆ. ಅಂತರ್ಜಲದ ಮಟ್ಟದ ಕೆಳಗೆ ಚಿನ್ನ ಪೈರೈಟಿನಂಥ ಸಲ್ಫೈಡ್ (ಗಂಧಕ ಬೆರೆತ ಖನಿಜ) ಹರಳಿನೊಳಗೇ ಬಂಧಿ. ಪಾದರಸ ಅದನ್ನು ಮುಟ್ಟಲಾರದು, ಚಿನ್ನ ಕರಗಿಸುವ ಸೈನೈಡಿಗೂ ಅದು ಸುಲಭವಾಗಿ ಸಿಗದು. ದಿಬ್ಬದಲ್ಲಿ ಕೈಗೆ ಮಸಿ ಅಂಟಿಸುವ ಇಂಗಾಲದ ಕಲ್ಲೂ ಸಿಕ್ಕಿತು. ಅಂಥ ಕಲ್ಲು ಸೈನೈಡಿನಲ್ಲಿ ಕರಗಿದ ಚಿನ್ನವನ್ನೇ ಮರಳಿ ಹೀರಿಕೊಳ್ಳುತ್ತದೆ. ಚಿನ್ನ ಮುಗಿದದ್ದರಿಂದ ಗಣಿ ಮುಚ್ಚಿತು ಎಂಬ ಮಾತನ್ನು ಆ ದಿಬ್ಬ ನೋಡಿದ ಮೇಲೆ ನಾನು ಒಪ್ಪುವುದಿಲ್ಲ.

ಇಂಥ ದಿಬ್ಬಕ್ಕೆ ಹೋಗುವವರಿಗೆ ಒಂದು ಮಾತು. ಆರ್ಸೆನೋಪೈರೈಟ್ ಕೊಳೆತಾಗ ಆರ್ಸೆನಿಕ್ ಹೊರಬರುತ್ತದೆ. ಕಲ್ಲು ಒಡೆಯುವಾಗ ಗಾಳಿಗೆ ಬೆನ್ನು ಮಾಡಿ ಕೂರಿ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ, ದಿಬ್ಬದ ಬುಡದಲ್ಲಿ ನಿಂತ ನೀರನ್ನು ಕುಡಿಯಬೇಡಿ.