ಅಮೆರಿಕದ ಪೇಟೆಂಟ್ ಮರುಪರೀಕ್ಷೆ: ಜಾರಿ ಪುರಾವೆ ಇಲ್ಲದ ಕಾಗದದ ಗತಿ

ಅಮೆರಿಕದಲ್ಲಿ ಸ್ವಂತ ಹೆಸರಿಗೋ ಸಣ್ಣ ಕಂಪನಿಯ ಹೆಸರಿಗೋ ಪೇಟೆಂಟ್ ಪಡೆದಿರುವ ಕನ್ನಡಿಗರು ಪೇಟೆಂಟ್ ಕಡತದಲ್ಲಿ ತಮ್ಮ ಪತ್ರವ್ಯವಹಾರದ ವಿಳಾಸ ಏನೆಂದಿದೆ ಎಂಬುದನ್ನು ಇವತ್ತೇ ನೋಡಿಕೊಳ್ಳಬೇಕು. ಯಾರಾದರೂ ಮರುಪರೀಕ್ಷೆ, ಅಂದರೆ ಈಗಾಗಲೇ ಕೊಟ್ಟ ಪೇಟೆಂಟನ್ನು ಪೇಟೆಂಟ್ ಕಚೇರಿ ಮತ್ತೆ ಪರಿಶೀಲಿಸಬೇಕೆಂದು, ಕೋರಿದರೆ ಅವರ ಅರ್ಜಿಯ ಪ್ರತಿ ಬರುವುದು ಆ ವಿಳಾಸಕ್ಕೆ. ಅಲ್ಲಿ ಹಿಂದಿನ ವಕೀಲರ ಹಳೆಯ ಕಚೇರಿಯೇ ಉಳಿದಿದ್ದರೆ ಪ್ರತಿಯೂ ಅಲ್ಲಿಗೇ ಹೋಗುತ್ತದೆ. ಶುಲ್ಕದ ಸೂಚನೆಗಳಿಗೆಂದು ಬೇರೆ ವಿಳಾಸ ಕೊಟ್ಟಿದ್ದರೂ ಈ ವಿಷಯದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

1981ರಿಂದ ಜಾರಿಯಲ್ಲಿರುವ ಈ ಏಕಪಕ್ಷೀಯ ಮರುಪರೀಕ್ಷೆಯನ್ನು ಯಾರು ಬೇಕಾದರೂ ಕೋರಬಹುದು. ಹಳೆಯ ಪೇಟೆಂಟು, ಮುದ್ರಿತ ಪ್ರಕಟಣೆಗಳನ್ನು ಆಧಾರವಾಗಿ ಕೊಟ್ಟು ಶುಲ್ಕ ಕಟ್ಟಬೇಕು. ವಕೀಲರ ಮೂಲಕ ಬಂದರೆ ಹಿಂದೆ ನಿಂತವರ ಹೆಸರು ಹೊರಗೆ ಬರಬೇಕೆಂದಿಲ್ಲ. ಪೇಟೆಂಟಿನ ಅರ್ಹತೆಯ ಬಗ್ಗೆ ಗಣನೀಯವಾದ ಹೊಸ ಪ್ರಶ್ನೆ ಎದ್ದಿದೆಯೇ ಎಂಬುದನ್ನು ಪೇಟೆಂಟ್ ಕಚೇರಿ ಮೂರು ತಿಂಗಳಲ್ಲಿ ನಿರ್ಧರಿಸುತ್ತದೆ.

ಊರಿನ ನ್ಯಾಯಾಲಯದಲ್ಲಿ ಅಮೀನರು ನೋಟಿಸ್ ಜಾರಿ ಮಾಡುತ್ತಾರೆ. ಇಲ್ಲಿ ಆ ಹೊಣೆ ಕಾಗದ ಸಲ್ಲಿಸುವವರದೇ. ಅರ್ಜಿದಾರರು ಅರ್ಜಿಯ ಪೂರ್ಣ ಪ್ರತಿಯನ್ನು ಮಾಲೀಕರಿಗೆ ತಲುಪಿಸಿ, ಯಾರಿಗೆ, ಯಾವ ವಿಳಾಸಕ್ಕೆ ಎಂದು ಬರೆದು ದೃಢೀಕರಿಸಬೇಕು. ತಲುಪಿಸಲು ಆಗದಿದ್ದರೆ ಇನ್ನೊಂದು ಪ್ರತಿಯನ್ನು ಕಚೇರಿಗೇ ಕೊಡಬೇಕು. ಅರ್ಜಿಯಲ್ಲಿ ಕೊರತೆ ಕಂಡರೆ ಕಚೇರಿ ಸೂಚನೆ ಕಳಿಸಿ ಸರಿಪಡಿಸಲು ಗಡುವು ಕೊಡುತ್ತದೆ. ಆಗಲೂ ಸರಿಪಡಿಸದಿದ್ದರೆ ಅರ್ಜಿಗೆ ದಾಖಲಾತಿ ದಿನಾಂಕವೇ ಸಿಗುವುದಿಲ್ಲ.

ಹೆಚ್ಚು ಜನ ಎಡವುವುದು ಇದರ ನಂತರ. ಮೂರನೆಯವರು ಅರ್ಜಿ ಹಾಕಿದ್ದಾರೆಂದರೆ ಮಾಲೀಕರ ಪ್ರತಿಯೊಂದು ಉತ್ತರದ ಪ್ರತಿಯೂ ಅವರಿಗೆ ಹೋಗಲೇಬೇಕು. 'ಕಚೇರಿಗೆ ಸಲ್ಲಿಸಿದೆ, ಅದು ಕಡತದಲ್ಲಿ ಎಲ್ಲರಿಗೂ ಕಾಣುತ್ತದೆ' ಎನ್ನುವ ವಾದ ನಡೆಯುವುದಿಲ್ಲ. ಜಾರಿ ಪುರಾವೆಗೆ, ಅಂದರೆ ಪ್ರತಿ ಕಳಿಸಿದ್ದನ್ನು ತೋರಿಸಲು, ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು ಸಾಕು: 'ಈ ಉತ್ತರದ ಪ್ರತಿಯನ್ನು ಇಂಥ ದಿನ, ಪ್ರಥಮ ದರ್ಜೆ ಅಂಚೆಯಲ್ಲಿ, ಅರ್ಜಿದಾರರ ವಕೀಲರಾದ ಇಂಥವರಿಗೆ, ಈ ವಿಳಾಸಕ್ಕೆ ಕಳುಹಿಸಲಾಗಿದೆ', ಅದರ ಕೆಳಗೆ ಸಹಿ. ಕೈಯಾರೆ ಕೊಟ್ಟಿದ್ದರೆ ಪಡೆದವರ ಹೆಸರು ಬೇಕು. ಕೊಟ್ಟವರೇ ಅದನ್ನು ದೃಢೀಕರಿಸಬೇಕು. ಈ ಸಾಲುಗಳಿಲ್ಲದ ಕಾಗದವನ್ನು, ವಾದ ಎಷ್ಟೇ ಗಟ್ಟಿಯಾಗಿದ್ದರೂ, ಕಚೇರಿ ಪರಿಗಣಿಸದೆ ಬಿಡಬಹುದು.

ದಿನಾಂಕವನ್ನು ಅಂದಾಜಿನಲ್ಲಿ ಬರೆಯಬೇಡಿ. ಮರುಪರೀಕ್ಷೆಯ ಆದೇಶದ ಬಳಿಕ ಮಾಲೀಕರು ಹೇಳಿಕೆ ಸಲ್ಲಿಸಿದರೆ, ಅದು ಜಾರಿಯಾದ ದಿನದಿಂದ ಎರಡು ತಿಂಗಳೊಳಗೆ ಅರ್ಜಿದಾರರು ಉತ್ತರಿಸಬಹುದು. ಮಾಲೀಕರು ಹೇಳಿಕೆ ಕೊಡದಿದ್ದರೆ ಅರ್ಜಿದಾರರಿಗೆ ಆ ಅವಕಾಶವೂ ಇಲ್ಲ. ಎಷ್ಟೋ ಅನುಭವಿ ವಕೀಲರು ಹೇಳಿಕೆ ಕೊಡದೆ ಸುಮ್ಮನಿರುವುದು ಇದಕ್ಕಾಗಿಯೇ, ಅದು ಜಾಣತನವೆಂದೇ ನನ್ನ ಅಭಿಪ್ರಾಯ.

ಸಹಿ ಬಿಟ್ಟುಹೋದ, ಪುರಾವೆ ಇಲ್ಲದ ಉತ್ತರಕ್ಕೆ ದೋಷದ ಸೂಚನೆ ಬಂದರೆ ಅದರಲ್ಲಿ ಹೇಳಿದ ದೋಷವನ್ನು ಹೇಳಿದ ಗಡುವಿನಲ್ಲೇ ತಿದ್ದಿ, ತಿದ್ದಿದ ಕಾಗದಕ್ಕೂ ಹೊಸ ಜಾರಿ ಪುರಾವೆ ಲಗತ್ತಿಸಿ. ಸಾಮಾನ್ಯ ಪೇಟೆಂಟ್ ಅರ್ಜಿಯಲ್ಲಿ ಹಣ ಕಟ್ಟಿ ತಾನಾಗಿ ಸಮಯ ಪಡೆಯುವ ಸೌಲಭ್ಯ ಇಲ್ಲಿಲ್ಲ. ಸಮಯ ಬೇಕಾದರೆ ಗಡುವು ಮುಗಿಯುವ ಮೊದಲೇ ಸಕಾರಣ ಕೊಟ್ಟು ಕೇಳಬೇಕು. ಉತ್ತರವಿಲ್ಲದೆ ಗಡುವು ದಾಟಿದರೆ ಪ್ರಕ್ರಿಯೆ ಮುಗಿದು, ತಿರಸ್ಕೃತವಾಗಿದ್ದ ಕ್ಲೇಮುಗಳು (ಪೇಟೆಂಟಿನ ಹಕ್ಕಿನ ವ್ಯಾಪ್ತಿ ಹೇಳುವ ಅಂಶಗಳು) ರದ್ದಾಗುತ್ತವೆ. ವಿಳಂಬ ಉದ್ದೇಶಪೂರ್ವಕವಲ್ಲವೆಂದು ಹೇಳಿ ಶುಲ್ಕದೊಂದಿಗೆ ಮನವಿ ಸಲ್ಲಿಸುವ ದಾರಿ ಮಾತ್ರ ಆಗ ಉಳಿಯುತ್ತದೆ.