ಹುಟ್ಟಿನಿಂದ ಬಂದ ಚಯಾಪಚಯ ಕಾಯಿಲೆ: ದೊಡ್ಡವರಾದ ಮೇಲೆ ಮೂಳೆ ನೋಡಿಕೊಳ್ಳುವುದು ಹೇಗೆ?

ಹಾಲು ಕುಡಿಯಿರಿ, ಪ್ರೋಟೀನ್ ಜಾಸ್ತಿ ತಿನ್ನಿ, ಒಂದು ಕ್ಯಾಲ್ಸಿಯಂ ಮಾತ್ರೆ ನುಂಗಿ. ಮೂಳೆ ಗಟ್ಟಿಯಾಗಲು ಏನು ಮಾಡಬೇಕು ಅಂತ ಯಾರನ್ನೇ ಕೇಳಿ, ಹೆಚ್ಚುಕಮ್ಮಿ ಇದೇ ಉತ್ತರ ಬರುತ್ತದೆ. ಆದರೆ ಚಯಾಪಚಯ ಕಾಯಿಲೆ, ಅಂದರೆ ತಿಂದದ್ದನ್ನು ದೇಹ ಒಡೆದು ಬಳಸುವ ಕೆಲಸದಲ್ಲೇ ದೋಷ ಇರುವವರಿಗೆ ಇದು ಹೊಂದುವುದಿಲ್ಲ. ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸನ್ನು ದೇಹ ಬಳಸಲಾಗದ ಕ್ಲಾಸಿಕ್ ಗ್ಯಾಲಕ್ಟೋಸೀಮಿಯಾ ಇರುವವರು ಹಾಲು ಮುಟ್ಟುವ ಹಾಗಿಲ್ಲ. ಪ್ರೋಟೀನಿನಲ್ಲಿರುವ ಫಿನೈಲಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಒಡೆಯಲಾಗದ ಫಿನೈಲ್‌ಕೀಟೋನ್ಯೂರಿಯಾ, ಅಂದರೆ ಪಿಕೆಯು ಇರುವವರು ಪ್ರೋಟೀನನ್ನು ಅಳೆದು ತಿನ್ನಬೇಕು. ಮೂಳೆಗೆ ಖನಿಜ ತುಂಬಲು ಬೇಕಾದ ಕಿಣ್ವ ಕಡಿಮೆ ಇರುವ ಹೈಪೋಫಾಸ್ಫಟೇಸಿಯಾ ಇರುವವರಿಗೆ ಮೂಳೆ ಸವೆತಕ್ಕೆಂದು ಬರೆಯುವ ಮಾಮೂಲಿ ಔಷಧಿಯೇ ತೊಂದರೆ ತರಬಹುದು. ಹಾಗಾಗಿ ಇಂಥವರು ಮಾತ್ರೆಯ ಡಬ್ಬಿಯಿಂದ ಶುರು ಮಾಡಬಾರದು. ತಮ್ಮ ಕಾಯಿಲೆ ಯಾವ ದಾರಿಯಿಂದ ಮೂಳೆಗೆ ಬರುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಈ ಪ್ರಶ್ನೆ ಈಗ ಏಳುತ್ತಿರುವುದಕ್ಕೂ ಕಾರಣವಿದೆ. 1960ರ ದಶಕದಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆ ಶುರುವಾಗಿ, ಕಾಯಿಲೆ ಬೇಗ ಪತ್ತೆಯಾದ ಮಕ್ಕಳು ಬದುಕಿ ಬೆಳೆದ ಮೇಲೆ, ಒಂದು ಕಾಲದಲ್ಲಿ ಬರೀ ‘ಮಕ್ಕಳ ಕಾಯಿಲೆ’ ಅನ್ನಿಸಿಕೊಂಡಿದ್ದವು ದೊಡ್ಡವರ ಕಾಯಿಲೆಗಳೂ ಆದವು. ಮಕ್ಕಳ ಡಾಕ್ಟರ ಕೈ ಬಿಟ್ಟ ಮೇಲೆ ಎಷ್ಟೋ ಜನ ತಪಾಸಣೆಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ಮೂಳೆ ತನ್ನ ಗರಿಷ್ಠ ಗಟ್ಟಿತನ ಮುಟ್ಟುವುದು ಹೆಚ್ಚುಕಡಿಮೆ 30ರ ಆಸುಪಾಸಿನಲ್ಲಿ. ತಪಾಸಣೆ ತಪ್ಪುವುದೂ ಸರಿಯಾಗಿ ಅದೇ ವರ್ಷಗಳಲ್ಲಿ.

ಮೊದಲ ಹೆಜ್ಜೆ: ದಾರಿ ಯಾವುದು, ತಿಳಿಯಿರಿ

ಪಿಕೆಯುನಲ್ಲಿ ದಾರಿ ಬಹುಮಟ್ಟಿಗೆ ಊಟದ್ದು. ಕಡಿಮೆ ಪ್ರೋಟೀನಿನ ಊಟದ ಜೊತೆ ಕುಡಿಯುವ ಫಾರ್ಮುಲಾದಲ್ಲಿ ಅಮೈನೋ ಆಮ್ಲದ ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಕೂಡ ಇರುತ್ತವೆ. ಎಷ್ಟೋ ಮಂದಿ ದೊಡ್ಡವರಾದ ಮೇಲೆ ರುಚಿ ಸೇರದೆ ಫಾರ್ಮುಲಾ ಬಿಡುತ್ತಾರೆ, ಆದರೆ ಹಾಲು, ಮೊಟ್ಟೆ, ಮಾಂಸದಿಂದ ದೂರವೇ ಇರುತ್ತಾರೆ. ಅಲ್ಲಿಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿದ ಹಾಗೆ. ಹೆದರಬೇಕಿಲ್ಲ, ಪಿಕೆಯು ಇರುವ ಹೆಚ್ಚಿನವರ ಮೂಳೆ ಸಾಂದ್ರತೆ ಸರಾಸರಿಗಿಂತ ತುಸು ಕಮ್ಮಿ ಇದ್ದರೂ ವಯಸ್ಸಿಗೆ ತಕ್ಕ ಮಿತಿಯೊಳಗೇ ಇರುತ್ತದೆ.

ಗ್ಯಾಲಕ್ಟೋಸೀಮಿಯಾದಲ್ಲಿ ಹಾಲಿಲ್ಲದ ಊಟ ಒಂದು ಕಡೆಯಾದರೆ, ಹೆಂಗಸರಲ್ಲಿ ಇನ್ನೊಂದು ದೊಡ್ಡ ಕಾರಣ ಅಂಡಾಶಯದ್ದು. ಹೆಚ್ಚಿನವರಲ್ಲಿ ಅದು ಬೇಗ ಕೆಲಸ ನಿಲ್ಲಿಸುತ್ತದೆ. ಅದು ತಯಾರಿಸುವ ಈಸ್ಟ್ರೊಜೆನ್ ಹಾರ್ಮೋನ್ ಇಳಿದರೆ ಮೂಳೆ ಕರಗುವ ವೇಗ ಏರುತ್ತದೆ. ಆಗ ಎಷ್ಟು ಕ್ಯಾಲ್ಸಿಯಂ ತಿಂದರೂ ಅರ್ಧ ಕೆಲಸವಷ್ಟೇ. ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಕೇಳಲೇಬೇಕು.

ಗೋಶೆ ಕಾಯಿಲೆಯಲ್ಲಿ ಕಿಣ್ವವೊಂದರ ಕೊರತೆಯಿಂದ ಒಂದು ಬಗೆಯ ಕೊಬ್ಬು ಒಡೆಯುವುದಿಲ್ಲ; ಆ ಕೊಬ್ಬು ತುಂಬಿದ ಜೀವಕೋಶಗಳು ಮೂಳೆಯ ಮಜ್ಜೆಯಲ್ಲೇ ಸೇರಿಕೊಳ್ಳುತ್ತವೆ. ತಡೆಯಲಾರದ ಮೂಳೆ ನೋವು ಬರಬಹುದು, ರಕ್ತ ಸಿಗದೆ ಸೊಂಟದ ಕೀಲಿನ ಮೂಳೆ ಸಾಯಲೂಬಹುದು. ಹೋಮೋಸಿಸ್ಟಿನ್ಯೂರಿಯಾದಲ್ಲಿ ರಕ್ತದಲ್ಲಿ ಹೆಚ್ಚಾದ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ, ಮೂಳೆಯೊಳಗಿನ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು ಸರಿಯಾಗಿ ಹೆಣೆದುಕೊಳ್ಳಲು ಬಿಡುವುದಿಲ್ಲ. ಬೆನ್ನುಮೂಳೆಗೆ ಚಿಕ್ಕ ವಯಸ್ಸಿನಲ್ಲೇ ಪೆಟ್ಟು. ರಕ್ತದಲ್ಲಿ ಆಮ್ಲ ಏರುವ ಕಾಯಿಲೆಗಳಲ್ಲಿ, ಆ ಆಮ್ಲವನ್ನು ತಣಿಸಲು ಮೂಳೆಯ ಖನಿಜವೇ ಖರ್ಚಾಗುತ್ತದೆ.

ಎರಡನೇ ಹೆಜ್ಜೆ: ರಕ್ತಪರೀಕ್ಷೆ, ಸ್ವಲ್ಪ ಎಚ್ಚರದಿಂದ

ಕ್ಯಾಲ್ಸಿಯಂ, ಫಾಸ್ಫೇಟ್, 25-ಹೈಡ್ರಾಕ್ಸಿ ವಿಟಮಿನ್ ಡಿ, ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಹಾರ್ಮೋನ್), ಎಎಲ್‌ಪಿ (ಮೂಳೆಗೆ ಖನಿಜ ತುಂಬಲು ಬೇಕಾದ ಕಿಣ್ವ), ಕಿಡ್ನಿಯ ಕ್ರಿಯಾಟಿನಿನ್. ಸಾಮಾನ್ಯವಾಗಿ ಇಷ್ಟು ಮಾಡಿಸುತ್ತಾರೆ. ಇದರಲ್ಲಿ ಎರಡು ಕಡೆ ಎಡವುವುದು ಸುಲಭ.

ಒಂದು, ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್. ಕೆಲವು ಚಯಾಪಚಯ ಕಾಯಿಲೆಗಳಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಅನೇಕ ಲ್ಯಾಬ್‌ಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆ ಇರುವುದರಿಂದ, ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಅಂಕಿಗಳು ಏರುಪೇರಾಗುತ್ತವೆ. ಪಿಟಿಎಚ್ ನಿಜಕ್ಕಿಂತ ಕಡಿಮೆ, ವಿಟಮಿನ್ ಡಿ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಅಂದರೆ ಕೊರತೆ ಇದ್ದರೂ ರಿಪೋರ್ಟ್ ಚೆನ್ನಾಗಿಯೇ ಕಾಣುತ್ತದೆ! ರಕ್ತ ಕೊಡುವ ಮೊದಲೇ ಲ್ಯಾಬಿಗೂ ಡಾಕ್ಟರಿಗೂ ಹೇಳಿ. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಯೋಟಿನನ್ನು ದೇಹ ಮರುಬಳಸಲಾಗದ ಬಯೋಟಿನಿಡೇಸ್ ಕೊರತೆ ಇರುವವರಿಗೆ ಅದೇ ಚಿಕಿತ್ಸೆ.

ಇನ್ನೊಂದು, ಎಎಲ್‌ಪಿ. ಈ ಅಂಕಿ ಜಾಸ್ತಿಯಾದರೆ ಎಲ್ಲರೂ ಗಮನಿಸುತ್ತಾರೆ. ಕಡಿಮೆ ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಪ್ರತಿ ಸಲವೂ ಕಡಿಮೆಯೇ ಬರುತ್ತಿದ್ದು, ಪಾದದ ಮೂಳೆ ಪದೇ ಪದೇ ಬಿರುಕು ಬಿಡುತ್ತಿದ್ದರೆ, ಅಥವಾ ಹಾಲುಹಲ್ಲು ಬೇರಿನ ಸಮೇತ ತೀರಾ ಬೇಗ ಉದುರಿದ್ದರೆ ಹೈಪೋಫಾಸ್ಫಟೇಸಿಯಾ ಇರಬಹುದೇ ಎಂದು ಕೇಳಿ. ಹಳೆಯ ರಿಪೋರ್ಟ್‌ಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಇಲ್ಲಿ ಲಾಭ.

ಮೂರನೇ ಹೆಜ್ಜೆ: ಡೆಕ್ಸಾ ಸ್ಕ್ಯಾನ್ ಓದುವುದು

ಡೆಕ್ಸಾ ಅಂದರೆ ತೀರಾ ಕಡಿಮೆ ಎಕ್ಸ್-ರೇ ಬಳಸಿ ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್. ರಿಪೋರ್ಟಿನಲ್ಲಿ ಎರಡು ಅಂಕ ಇರುತ್ತವೆ. ಟಿ-ಸ್ಕೋರ್ ನಿಮ್ಮನ್ನು ಆರೋಗ್ಯವಂತ ಯುವ ವಯಸ್ಕರೊಂದಿಗೆ ಹೋಲಿಸುತ್ತದೆ; ಝಡ್-ಸ್ಕೋರ್ ನಿಮ್ಮದೇ ವಯಸ್ಸಿನವರೊಂದಿಗೆ. ಮುಟ್ಟು ನಿಲ್ಲದ ಹೆಂಗಸರು ಮತ್ತು 50 ದಾಟದ ಗಂಡಸರು ನೋಡಬೇಕಾದ್ದು ಝಡ್-ಸ್ಕೋರ್. ಅದು -2.0 ಅಥವಾ ಅದಕ್ಕಿಂತ ಕೆಳಗಿದ್ದರೆ ‘ವಯಸ್ಸಿಗೆ ತಕ್ಕಷ್ಟಿಲ್ಲ’ ಎಂದು ಅರ್ಥ. ಟಿ-ಸ್ಕೋರ್ -2.5 ಎಂಬ ಪ್ರಸಿದ್ಧ ಗೆರೆ ಮುಖ್ಯವಾಗಿ ಮುಟ್ಟು ನಿಂತವರಿಗೆ ಮತ್ತು ಹಿರಿಯರಿಗೆ. 25ರ ವಯಸ್ಸಿನವರಿಗೆ ಬರೀ ಆ ಅಂಕ ನೋಡಿ ಆಸ್ಟಿಯೊಪೊರೋಸಿಸ್ (ಮೂಳೆ ಸವೆತ) ಎಂದು ಹಣೆಪಟ್ಟಿ ಹಚ್ಚುವುದು ಸರಿಯಲ್ಲ.

ನೀವು ಗಿಡ್ಡಗಿದ್ದರೆ ಇನ್ನೊಂದು ಮಾತು. ಡೆಕ್ಸಾ ಮೂಳೆಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಚಿಕ್ಕ ಮೂಳೆ ಇರುವವರಿಗೆ ಇರುವುದಕ್ಕಿಂತ ಕಡಿಮೆ ಅಂಕ ಬರುತ್ತದೆ. ಚಯಾಪಚಯ ಕಾಯಿಲೆಗಳಲ್ಲಿ ಎತ್ತರ ಕಮ್ಮಿ ಇರುವುದು ಅಪರೂಪವೇನಲ್ಲ ಅಲ್ವಾ? ರಿಪೋರ್ಟ್ ನೋಡುವವರಿಗೆ ಇದನ್ನು ನೆನಪಿಸಿ. ಗೋಶೆ ಇರುವವರಿಗೆ ಡೆಕ್ಸಾ ಒಂದೇ ಸಾಲದು; ಮಜ್ಜೆಯೊಳಗೆ ಏನಾಗುತ್ತಿದೆ ಎಂದು ತೋರಿಸುವುದು ಎಂಆರ್‌ಐ.

ನಾಲ್ಕನೇ ಹೆಜ್ಜೆ: ಊಟದ ಲೆಕ್ಕ, ಮಾತ್ರೆಯ ಹೊತ್ತು

19ರಿಂದ 50 ವರ್ಷದವರಿಗೆ ದಿನಕ್ಕೆ ಒಟ್ಟು ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಇದು ಊಟ, ಫಾರ್ಮುಲಾ, ಮಾತ್ರೆ ಎಲ್ಲಾ ಸೇರಿಸಿದ ಲೆಕ್ಕ. ಫಾರ್ಮುಲಾ ಪೂರ್ತಿ ಕುಡಿಯುವವರಿಗೆ ಬೇರೆ ಮಾತ್ರೆ ಬೇಕಾಗದೇ ಇರಬಹುದು. ಸುಮ್ನೆ ಮೇಲೆ ಮೇಲೆ ನುಂಗಿದರೆ ಕಿಡ್ನಿಯಲ್ಲಿ ಕಲ್ಲಾಗುವ ಭಯವಿದೆ. ಮೂರು ದಿನ ತಿಂದದ್ದನ್ನೆಲ್ಲ ಬರೆದು ಡಯಟೀಷಿಯನ್‌ಗೆ ತೋರಿಸಿ, ಕಡಿಮೆ ಬಿದ್ದಷ್ಟನ್ನೇ ತುಂಬಿಸಿಕೊಳ್ಳಿ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಿದರೆ ದೇಹ ಅಷ್ಟು ಚೆನ್ನಾಗಿ ಹೀರಿಕೊಳ್ಳುವುದಿಲ್ಲ, ಹಾಗಾಗಿ ಭಾಗ ಮಾಡಿ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಕಾರ್ಬೋನೇಟ್ ಊಟದ ಜೊತೆ. ಸಿಟ್ರೇಟ್ ಯಾವಾಗಲಾದರೂ ಆದೀತು. ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ 4 ಗಂಟೆ ಬಿಡಿ. ಮಾತ್ರೆ, ಪುಡಿಗಳಲ್ಲಿ ಲ್ಯಾಕ್ಟೋಸ್ ಅಥವಾ ಆಸ್ಪರ್ಟೇಮ್ ಬೆರೆತಿರಬಹುದು. ಗ್ಯಾಲಕ್ಟೋಸೀಮಿಯಾದವರು ಮೊದಲನೆಯದನ್ನು, ಪಿಕೆಯು ಇರುವವರು ಎರಡನೆಯದನ್ನು (ಅದರಲ್ಲಿ ಫಿನೈಲಲನಿನ್ ಇದೆ) ಲೇಬಲ್‌ನಲ್ಲಿ ಹುಡುಕಿ.

ಫಿಟ್ಸ್‌ಗೆ ಫೆನಿಟಾಯಿನ್, ವಾಲ್‌ಪ್ರೊಯೇಟ್‌ನಂಥ ಮಾತ್ರೆ, ಅಥವಾ ಸ್ಟೀರಾಯ್ಡ್ ಬಹುಕಾಲ ತೆಗೆದುಕೊಂಡವರ ಮೂಳೆಯೂ ಸೊರಗುತ್ತದೆ. ಆ ಪಟ್ಟಿಯನ್ನೂ ಡಾಕ್ಟರ ಮುಂದಿಡಿ.

ಐದನೇ ಹೆಜ್ಜೆ: ಮೈಗೆ ಕೆಲಸ

ಮೈಭಾರ ಹೊರುವ ನಡಿಗೆ, ಮೆಟ್ಟಿಲು, ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಸೊಂಟದ ಕೀಲು ಕೆಟ್ಟಿದ್ದರೆ ಓಟ, ಜಿಗಿತ ಬೇಡ. ಗೋಶೆಯಲ್ಲಿ ಆಗುವಂತೆ ಗುಲ್ಮ (ಸ್ಪ್ಲೀನ್) ದೊಡ್ಡದಾಗಿದ್ದರೆ ಡಿಕ್ಕಿ ಹೊಡೆಯುವ ಆಟಗಳು ಬೇಡ. ಸಕ್ಕರೆ ಥಟ್ಟನೆ ಇಳಿಯುವ ಅಥವಾ ಕೊಬ್ಬು ಉರಿಸಲಾಗದ ಕಾಯಿಲೆ ಇದ್ದರೆ ಖಾಲಿ ಹೊಟ್ಟೆಯಲ್ಲಂತೂ ವ್ಯಾಯಾಮ ಬೇಡವೇ ಬೇಡ.

ಆರನೇ ಹೆಜ್ಜೆ: ಔಷಧಿ, ಮತ್ತು ಮೂಳೆ ಮುರಿದರೆ

ಮೂಳೆ ಕರಗುವುದನ್ನು ತಡೆಯಲು ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿ ಕೊಡುತ್ತಾರೆ. ಹೈಪೋಫಾಸ್ಫಟೇಸಿಯಾದಲ್ಲಿ ಇದನ್ನು ದೂರ ಇಡಬೇಕು. ಉಳಿದವರೂ ಶುರು ಮಾಡುವ ಮುನ್ನ ಹಲ್ಲು ತೋರಿಸಿ, ಕಿಡ್ನಿ ಪರೀಕ್ಷಿಸಿ. ಈ ಔಷಧಿ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ ಮುಂದೆ ಮಗು ಬೇಕು ಎಂದಿದ್ದರೆ ಅದನ್ನೂ ಮೊದಲೇ ಹೇಳಿ. ಮೂಲ ಕಾಯಿಲೆಗೇ ಚಿಕಿತ್ಸೆ ಇದ್ದರೆ ಅದು ಮೊದಲು. ಗೋಶೆಯಲ್ಲಿ ಕಿಣ್ವವನ್ನೇ ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆ 1991ರಿಂದಲೂ ಇದೆ, ಮೂಳೆ ನೋವೂ ಅದರಿಂದ ತಗ್ಗುತ್ತದೆ.

ಜಾರಿ ಬಿದ್ದು ಮೂಳೆ ಮುರಿದರೆ ಆಸ್ಪತ್ರೆಯಲ್ಲಿ ಮೊದಲು ಹೇಳುವ ಮಾತು ‘ಏನೂ ತಿನ್ನಬೇಡಿ’. ಆಪರೇಷನ್‌ಗೆ ಅದು ಸರಿ. ಆದರೆ ಉಪವಾಸವೇ ಅಪಾಯವಾದ ಕಾಯಿಲೆಗಳಲ್ಲಿ ಡ್ರಿಪ್ ಮೂಲಕ ಗ್ಲೂಕೋಸ್ ಕೂಡಲೇ ಶುರುವಾಗಬೇಕು. ಹೋಮೋಸಿಸ್ಟಿನ್ಯೂರಿಯಾ ಇರುವವರಿಗೆ ಮಲಗಿದಲ್ಲೇ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಅರಿವಳಿಕೆಯಲ್ಲಿ ನೈಟ್ರಸ್ ಆಕ್ಸೈಡ್ ಬಳಸಬಾರದು. ತುರ್ತು ವಿಭಾಗದ ಡಾಕ್ಟರು ಇಂಥ ಕಾಯಿಲೆಯವರನ್ನು ಹಿಂದೆಂದೂ ನೋಡಿರದೇ ಇರಬಹುದು. ಕಾಯಿಲೆಯ ಹೆಸರು, ಕೊಡಬೇಕಾದ್ದು, ಕೊಡಬಾರದ್ದು, ನಿಮ್ಮ ತಜ್ಞರ ಫೋನ್ ನಂಬರ್ ಇರುವ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಒಂದು ಪ್ರತಿ ಪರ್ಸಿನಲ್ಲಿರಲಿ, ಇನ್ನೊಂದು ಮೊಬೈಲಿನಲ್ಲಿ, ಮನೆಯವರಿಗೂ ಸಿಗುವ ಹಾಗೆ.